ಬಟ್ಟಲು ಕಾಸಿನ ಬೆನ್ನು

ನನ್ನ ಅವ್ವನ ಮುಖವನ್ನು ನಾನು ಮೊದಲು ನೋಡಿದ್ದು ಉಪ್ಪಿನ ಅಂಗಡಿಯಲ್ಲಿ. ಅಂಗಡಿಯವನು ಚಿಲ್ಲರೆ ಕೊಡುವಾಗ ಒಂದು ಕಾಸನ್ನು ಬೋರಲು ಮಾಡಿ, "ನೋಡು ಮಾಳೀ, ನಿಮ್ಮವ್ವ" ಎಂದ. ತಾಮ್ರದ ಉಬ್ಬಿನ ಮೇಲೆ ಒಬ್ಬ ಹೆಂಗಸು ಕಮಲದಲ್ಲಿ ಕೂತಿದ್ದಳು. ದುಂಡು ಗಲ್ಲ, ತುಸು ಮೊಂಡಾದ ಮೂಗು, ನಗು ಬಂದರೂ ತಡೆದುಕೊಂಡಂಥ ತುಟಿ. ಮನೆಯಲ್ಲಿ ನನಗೆ ತಲೆ ಬಾಚುತ್ತಿದ್ದವಳಿಗೆ ಇದ್ಯಾವುದೂ ಇರಲಿಲ್ಲ. ಅವಳಿಗಿದ್ದದ್ದು ನೆತ್ತಿಯಿಂದ ಎದೆಯವರೆಗೆ ಇಳಿಬಿದ್ದ ಒಂದು ಬಿಳಿ ಬಟ್ಟೆ. ಉಳಿದ ಮಕ್ಕಳ ಅವ್ವಂದಿರು ಮುಖ ಹೊತ್ತುಕೊಂಡೇ ಬೀದಿಯಲ್ಲಿ ಓಡಾಡುವುದು ನನಗೆ ನಾಚಿಕೆಗೇಡಿನ ಸಂಗತಿಯಾಗಿ ಕಾಣುತ್ತಿತ್ತು.

ನಮ್ಮ ಊರಿನ ಕಟ್ಟಳೆ ಹಾಗೆ. ನಾಣ್ಯಕ್ಕೆ ಮುಖ ಕೊಟ್ಟವರು ಆ ಮುಖವನ್ನು ಮತ್ತೆ ಬಳಸುವಂತಿಲ್ಲ. ಒಂದು ಮುಖ ಎರಡು ಕಡೆ ಇರಬಾರದು. ದೊರೆ ಸತ್ತು, ಅವನ ಅಚ್ಚು ಒಡೆದು, ಹೊಸ ದೊರೆಯ ಕಾಸು ಬೀದಿಗೆ ಬಂದ ದಿನ ಮುಸುಕು ತೆಗೆದು ಮುಖವನ್ನು ಮರಳಿಸುತ್ತಾರೆ. ದೊರೆಗೆ ಮಾತ್ರ ಈ ಕಟ್ಟಳೆ ಇಲ್ಲ. ದೊರೆ ಎಲ್ಲೆಲ್ಲೂ ಇರಬಲ್ಲ.

ನಾವು ಸುಣ್ಣ ಸುಡುವವರು. ಊರಾಚೆಯ ಗೂಡುಗಳಲ್ಲಿ ಕಲ್ಲು ಸುಟ್ಟು, ಅರೆದು, ಬೆಲ್ಲದ ನೀರು ಬೆರೆಸಿ ಗಾರೆ ಮಾಡುವುದು ನಮ್ಮ ಕಸುಬು. ಟಂಕಸಾಲೆಯಲ್ಲಿ ಅಚ್ಚು ಕೆತ್ತುವ ಏಚಣ್ಣ ಒಂದು ದಿನ ಸುಣ್ಣ ಒಯ್ಯಲು ಗೂಡಿಗೆ ಬಂದಾಗ ಅವ್ವ ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಕತ್ತೆಗೆ ಹೇರು ಹೊರಿಸುತ್ತಿದ್ದಳಂತೆ. ಸುಣ್ಣದ ಧೂಳಿಗೆ ಕತ್ತೆ ಸೀನಿತು. ಅವ್ವ ನಕ್ಕಳು. ಆ ನಗೆ ಲಕ್ಷ್ಮಿಯ ನಗೆ ಎಂದು ಏಚಣ್ಣ ಅರಮನೆಗೆ ಹೋಗಿ ಹೇಳಿದ. ಕತ್ತೆಯ ವಿಚಾರ ಹೇಳಲಿಲ್ಲ. ಹೀಗೆ ನನ್ನ ಅವ್ವ ಚಾವವ್ವ, ಹೊಸ ದೊರೆಯ ಕಾಸಿನ ಬೆನ್ನಿಗೆ ಲಕ್ಷ್ಮಿಯಾಗಿ ಕೂತಳು.

ಕಾಸೂ ಹೊಸ ಬಗೆಯದು. ಹಿಂದಿನ ದೊರೆಗಳ ಕಾಸು ಚಪ್ಪಟೆ. ಇವನದು ಪುಟ್ಟ ಬಟ್ಟಲಿನ ಹಾಗೆ, ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು. ಗುಳಿಯೊಳಗೆ ದೊರೆ, ತಲೆಯ ಹಿಂದೆ ಪ್ರಭಾವಳಿ, ಹೆಗಲಿನಿಂದ ಏಳುವ ಜ್ವಾಲೆ. ಉಬ್ಬಿನ ಮೇಲೆ ಅವ್ವ. ಅದು ದೇವತೆಗಳು ಅಮೃತ ಕುಡಿಯುವ ಬಟ್ಟಲಿನ ಆಕಾರ ಎಂದು ಅರಮನೆಯ ಪಂಡಿತರು ಸಾರಿದರು. ಚಿಲ್ಲರೆ ಒಂದರೊಳಗೊಂದು ಕೂತುಕೊಳ್ಳುತ್ತದೆ, ಎಣಿಸಲು ಸಲೀಸು ಎಂದು ಅಂಗಡಿಯವರು ಖುಷಿಪಟ್ಟರು. ನಮ್ಮವರಿಗೆ ಯಾವುದಕ್ಕೂ ಒಂದು ಅನುಕೂಲ ಕಂಡರಾಯಿತು, ಮುಂದಿನದನ್ನು ಕೇಳುವುದಿಲ್ಲ.

ಅವ್ವ ಮುಸುಕು ಹಾಕಿಕೊಂಡ ಮಾರನೆಯ ದಿನವೇ ಡಂಗುರದ ಜಕ್ಕ ಸುಣ್ಣಗೇರಿಗೆ ಬಂದ. "ಕೇಳ್ರಪ್ಪೋ ಕೇಳ್ರಿ! ಇವತ್ತಿಂದ ದೊರೆ ದೊರೆಯಲ್ಲ, ದೇವರು! ದೊರೆ ಅಂದೋರಿಗೆ ದಂಡ! ದೇವರು ಬೆವರೋದಿಲ್ಲ! ಕಣ್ಣು ಮಿಟುಕ್ಸೋದಿಲ್ಲ! ಪಾದ ನೆಲ ಮುಟ್ಟೋದಿಲ್ಲ! ನೆರಳು ಬೀಳೋದಿಲ್ಲ!"

ಪಕ್ಕದ ಮನೆಯ ಬಿಜ್ಜಜ್ಜಿ ಜಗುಲಿಯ ಮೇಲೆ ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದವಳು ಕೇಳಿದಳಂತೆ: "ಅಲ್ಲಾ ಜಕ್ಕಾ, ಕಣ್ಣು ಮಿಟುಕ್ಸದೇ ಇದ್ರೆ ಧೂಳು ಬಿದ್ರೆ ಏನು ಮಾಡ್ತಾನಪ್ಪ?"

"ದೇವರ ಕಣ್ಣಿಗೆ ಧೂಳು ಬೀಳಲ್ಲ ಕಣಜ್ಜಿ."

"ಹಂಗಾದ್ರೆ ನಮ್ಮ ಕೇರಿ ಕಡೆ ಯಾವತ್ತೂ ಬಂದಿಲ್ಲ ಅನ್ನು."

ಎಲ್ಲರೂ ನಕ್ಕರು. ಜಕ್ಕ ನಗಲಿಲ್ಲ. ಅವನ ಬಾಯಲ್ಲಿ ಇನ್ನೊಂದು ಮಾತು ಉಳಿದಿತ್ತು. "ದೇವರಿಗೆ ಸಾವಿಲ್ಲ!" ಎಂದು ಕೂಗಿ, ತಮಟೆಗೆ ಎರಡೇಟು ಹೊಡೆದು ಹೊರಟುಹೋದ. ಅಪ್ಪ ಕೈಯಲ್ಲಿದ್ದ ಸನಿಕೆಯನ್ನು ಕೆಳಗಿಟ್ಟ. ಸಾವಿಲ್ಲ ಎಂದರೆ ಅಚ್ಚು ಒಡೆಯುವುದಿಲ್ಲ. ಅಚ್ಚು ಒಡೆಯದಿದ್ದರೆ ಮುಸುಕು ತೆಗೆಯುವುದಿಲ್ಲ. ಮುಖವನ್ನು ಸಾಲ ಕೊಟ್ಟಿದ್ದೇವೆ ಎಂದುಕೊಂಡಿದ್ದ ಅಪ್ಪನಿಗೆ ಅದನ್ನು ಕಿತ್ತುಕೊಂಡಿದ್ದಾರೆ ಎಂಬುದು ತಮಟೆಯ ಎರಡೇಟಿನಲ್ಲಿ ತಿಳಿಯಿತು. ಗೂಡಿನ ಹೊಗೆ ಕುಡಿದು ಅವನು ಸಾಯುವವರೆಗೂ ಸಿಡಿಲು ಬಡಿದಂಥ ಆ ನೋಟ ಅವನ ಕಣ್ಣಿನಿಂದ ಇಳಿಯಲಿಲ್ಲ.

ಆದರೂ ಬದುಕು ಎಲ್ಲಕ್ಕೂ ಒಗ್ಗಿಕೊಳ್ಳುತ್ತದೆ. ಅದರಷ್ಟು ಲಜ್ಜೆಗೆಟ್ಟದ್ದು ಇನ್ನೊಂದಿಲ್ಲ. ಕಾಸಿಗೆ ಆದದ್ದು ಅವ್ವನಿಗೂ ತುಸು ತಾಕುತ್ತಿತ್ತು. ಸಂತೆಯ ದಿನ ಮುಸುಕಿನೊಳಗಿಂದ, "ಯಾವನೋ ಕಚ್ಚಿದ ನೋಡೇ" ಎನ್ನುವಳು. ವ್ಯಾಪಾರಿಗಳು ಕಾಸು ಕಚ್ಚಿ ಪರೀಕ್ಷೆ ಮಾಡುವರಲ್ಲ, ಅದು ಅವಳಿಗೆ ಇರುವೆ ಕಡಿದ ಹಾಗೆ. ಬೀದಿಯಲ್ಲಿ ಹುಡುಗರು ಕಾಸು ಚಿಮ್ಮಿ ಆಡಿದರೆ ತಲೆಸುತ್ತು. ಶುಕ್ರವಾರ ಊರಿನ ಹೆಂಗಸರೆಲ್ಲ ಕಾಸಿನ ಲಕ್ಷ್ಮಿಯನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ಬೆಳಗಿ, ಕುಂಕುಮ ಇಟ್ಟು ಪೂಜಿಸುವರು. ಸಂಜೆಗೆ ಅವ್ವನ ಮುಸುಕಿನ ಹಣೆಯ ಜಾಗ ಕೆಂಪಾಗುತ್ತಿತ್ತು. "ನಮ್ಮನೇಲಿ ಮಾತ್ರ ಬೆಳಗಬ್ಯಾಡ ಕಣೇ ಮಾಳೀ, ಉರೀತದೆ" ಎನ್ನುತ್ತಿದ್ದಳು. ಒಮ್ಮೆ ಮೇಲಿನ ಬೀದಿಯ ಒಬ್ಬ ಗಂಡಸು ದಾರಿಯಲ್ಲಿ ಅಡ್ಡಬಿದ್ದು, "ತಾಯೀ, ನಿನ್ನೆ ನಮ್ಮ ಮಗು ನಿಮ್ಮನ್ನ ನುಂಗಿಬಿಡ್ತು, ತಪ್ಪಾಯ್ತು" ಎಂದ. ಅವ್ವ, "ಗಾಬರಿ ಬ್ಯಾಡ ಕಣಪ್ಪ, ನಾಳೆ ಬೆಳಿಗ್ಗೆ ಹೊರಗೆ ಬರ್ತೀನಿ" ಎಂದಳು. ಆ ಮನುಷ್ಯ ನಗಬೇಕೋ ಬೇಡವೋ ತಿಳಿಯದೆ ಎರಡನೇ ಸಲ ಅಡ್ಡಬಿದ್ದ.

ಬಟ್ಟೆಯೊಳಗೆ ಮುಖ ಭದ್ರ ಎಂದು ಊರು ಹೇಳುತ್ತಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ದೊಡ್ಡವಳಾದ ಮೇಲೆ ನನ್ನ ಕೆಲಸವೂ ದೇವರದೇ ಆಯಿತು. ನಾಲ್ಕು ದಾರಿ ಕೂಡುವಲ್ಲೆಲ್ಲ ಅವನ ಗಾರೆಯ ಮೂರ್ತಿ ನಿಲ್ಲಿಸಿದ್ದರು. ಪಾದ ನೆಲ ಮುಟ್ಟದ ಹಾಗೆ ಕಾಣಲೆಂದು ಹಿಂಬದಿಯ ಗೋಡೆಗೆ ಕಬ್ಬಿಣದ ಮೊಳೆ ಹೊಡೆದು ತೂಗುಬಿಟ್ಟಿದ್ದರು. ಮಳೆ ಬಂದರೆ ಹೆಗಲ ಜ್ವಾಲೆ ಕರಗಿ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ವರ್ಷ ವರ್ಷ ಅದನ್ನು ಮೆತ್ತಿ, ಪ್ರಭಾವಳಿಗೆ ಬಿಳಿ ಬಳಿಯುವವರು ನಾವು. ದೇವರ ಕಣ್ಣಿನ ಗುಡ್ಡೆಗೆ ಸುಣ್ಣ ಹಚ್ಚುವಾಗ, ಇದೇ ಸುಣ್ಣದಲ್ಲಿ ನನ್ನಪ್ಪ ಕೆಮ್ಮಿ ಕೆಮ್ಮಿ ಸತ್ತ ಎಂದು ನೆನಪಾಗುತ್ತಿತ್ತು. ನೆನಪಾದರೆ ಏನು ಬಂತು? ಕೈ ಬಳಿಯುತ್ತಲೇ ಇತ್ತು.

ಅವ್ವ ರೊಟ್ಟಿ ಬಿಟ್ಟಳು. ಹಲ್ಲು ನೋವು ಎಂದಳು. ಆಮೇಲೆ ಅನ್ನ ಬಿಟ್ಟಳು. ಗಂಜಿ ಒಂದೇ ಉಳಿಯಿತು. ಅದೂ ದಿನದಿನಕ್ಕೆ ತೆಳುವಾಗುತ್ತಾ ಹೋಯಿತು. ಒಂದೇ ಸಲಕ್ಕೆ ಕುಡಿಯಲಾಗದೆ ಗಳಿಗೆಗೊಮ್ಮೆ ಹನಿ ಹನಿ ಬೇಕಾಗುತ್ತಿತ್ತು. ಅದಕ್ಕೆಂದು ನಾನು ಗಂಜಿ ತುಂಬಿದ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಿದ್ದೆ. ಬುರುಡೆ ಕೊಟ್ಟರೆ ಮುಸುಕಿನೊಳಗೆ ಎಳೆದುಕೊಂಡು ಕುಡಿಯುವಳು. ಮಾತು ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ಬಟ್ಟೆ ದಪ್ಪ ಇದೆ ಅಂದುಕೊಂಡೆ.

ಬೇಸಿಗೆಯ ಒಂದು ಮಟಮಟ ಮಧ್ಯಾಹ್ನ ಗೂಡಿನ ಬಳಿ ಅವ್ವ ಕುಸಿದುಬಿದ್ದಳು. ಸೊಂಟದ ಬುರುಡೆ ಬಿಚ್ಚಿದೆ. ಅವಳ ಕೈ ಎತ್ತಲಾಗಲಿಲ್ಲ. ಕಟ್ಟಳೆ ಗಿಟ್ಟಳೆ ಎಲ್ಲ ಮರೆತು ನಾನು ಗಂಜಿ ಹನಿಸಲು ಬಟ್ಟೆ ಎತ್ತಿದೆ.

ಅಲ್ಲಿ ಮುಖವಿರಲಿಲ್ಲ.

ಹೇಗೆ ಹೇಳಲಿ? ಹೊಳೆಯ ಕಲ್ಲು ನೋಡಿದ್ದೀರಲ್ಲ, ಹಾಗೆ. ಗಾಯವಿಲ್ಲ, ರೋಗವಿಲ್ಲ, ರಕ್ತವಿಲ್ಲ. ನುಣುಪು. ಮೂಗಿದ್ದ ಕಡೆ ಸಣ್ಣ ಏರು, ಅದರ ಕೆಳಗೆ ಸೂಜಿಮೊನೆಯಷ್ಟು ಎರಡು ತೂತು. ಹುಬ್ಬಿಲ್ಲ. ಕಣ್ಣಿನ ಕಡೆ ಹೆಬ್ಬೆರಳಿನಿಂದ ಒತ್ತಿದ ಹಾಗೆ ಎರಡು ತಗ್ಗು. ಬಾಯಿಯ ಜಾಗದಲ್ಲಿ ಉಗುರಿನಿಂದ ಗೀಚಿದಂಥ ಒಂದು ಗೀರು, ಅಷ್ಟೇ. ಬುರುಡೆಯ ತುದಿ ಆ ಗೀರಿಗೆ ಹಿಡಿಸಲಿಲ್ಲ. ನಾನು ನನ್ನ ಸೆರಗಿನ ಚುಂಗನ್ನು ಗಂಜಿಯಲ್ಲಿ ಅದ್ದಿ ಅಲ್ಲಿ ಹಿಂಡಿದೆ. ಅದು ಒಳಗೆ ಹೋಯಿತು. ನಾನು ಆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೊಂಟದ ಸಂಚಿಯಿಂದ ಒಂದು ಕಾಸು ತೆಗೆದು ನೋಡಿದೆ. ಕಮಲದ ಮೇಲೆ ಕೂತವಳಿಗೂ ಮುಖವಿರಲಿಲ್ಲ. ಎಷ್ಟೋ ವರ್ಷದಿಂದ ಇರಲಿಲ್ಲ. ದಿನವೂ ಆ ಕಾಸು ಕೊಟ್ಟು ಉಪ್ಪು ತಂದಿದ್ದೇನೆ. ಸವೆದದ್ದು ಕಾಸು ಎಂದುಕೊಂಡಿದ್ದೆ.

ಕಾಸನ್ನು ಮಗುಚಿದೆ. ಗುಳಿಯೊಳಗೆ ದೇವರು ಇವತ್ತು ಅಚ್ಚಿನಿಂದ ಬಿದ್ದವನ ಹಾಗೆ ಕೂತಿದ್ದ. ಮೀಸೆಯ ಒಂದೊಂದು ಕೂದಲೂ ನೆಟ್ಟಗಿತ್ತು.

ಅವ್ವನಿಗೆ ಎಚ್ಚರವಾಯಿತು. ಕೈ ಮೊದಲು ಹೋದದ್ದು ಬಟ್ಟೆಗೆ. "ನೋಡಿಬಿಟ್ಯೇನೇ?" ಎಂದಳು. ಆ ಗೀರಿನಿಂದ ಅವ್ವನ ದನಿಯೇ ಬಂತು. ಅದರಿಂದಲೇ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

"ಯಾವಾಗಿಂದವ್ವ?"

"ಮೊದಲು ಹುಬ್ಬು ಹೋಯ್ತು. ನೀನಿನ್ನೂ ಸಣ್ಣೋಳು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಉಪ್ಪು ತರದೇ ಇರ್ತಿದ್ಯಾ?" ಎಂದಳು. ಬಟ್ಟೆ ಇಳಿಬಿಟ್ಟುಕೊಳ್ಳುತ್ತಾ, "ಬೆಳಕು ಕಾಣ್ತದೆ ಕಣೇ. ಕಣ್ಣು ಹೋದ್ರೂ ಪರವಾಗಿಲ್ಲ. ಬಾಯಿ ಒಂದು ಮುಚ್ಚಿಬಿಟ್ರೆ ಹೆಂಗೆ ಅಂತ" ಎಂದಳು.

ನಾನು ನೆಟ್ಟಗೆ ಟಂಕಸಾಲೆಗೆ ನಡೆದೆ. ಏಚಣ್ಣ ಮುದುಕನಾಗಿದ್ದ. ಬೇವಿನ ನೆರಳಲ್ಲಿ ಕೂತು ಒಂದು ಅಚ್ಚಿಗೆ ಎಣ್ಣೆ ಹಚ್ಚುತ್ತಿದ್ದ. ನಾನು ಸವೆದ ಕಾಸನ್ನು ಅವನ ತೊಡೆಯ ಮೇಲೆ ಎಸೆದೆ. "ಏಚಣ್ಣಾ, ಇದು ಬರೀ ಕಾಸಿಗಲ್ಲ, ಆಕೆಗೂ ಹಿಂಗೇ ಆಗ್ತದೆ ಅಂತ ನಿನಗೆ ಗೊತ್ತಿತ್ತಾ?"

ಅವನು ಕಾಸನ್ನು ನೋಡಲಿಲ್ಲ. ಅತ್ತಿತ್ತ ನೋಡಿ, "ದೇವರ ಅಪ್ಪ ಕೊನೆಗಾಲದಲ್ಲಿ ಪರದೆ ಹಿಂದೆ ಕೂತೇ ನ್ಯಾಯ ಹೇಳ್ತಿದ್ದ, ಕೇಳಿದ್ದೀಯಾ?" ಎಂದ.

"ಯಾರೋ ಹೇಳ್ತಿದ್ರು."

"ಅವನ ಕಾಸು ಚಪ್ಪಟೆ. ಒಂದು ಕಡೆ ಅವನು, ಒಂದು ಕಡೆ ಅವನ ರಾಣಿ. ಇಬ್ಬರೂ ಸವೆದ್ರು. ಸತ್ತಾಗ ಹೆಣದ ಮುಖ ಯಾವ ಕಡೆ ಅಂತ ಕೂದಲು ನೋಡಿ ಕಂಡುಹಿಡಿದ್ವು ತಾಯಿ. ಅರಮನೆಯೋರಿಗೆಲ್ಲ ಗೊತ್ತು. ಈ ಮಗ ಪಟ್ಟಕ್ಕೆ ಬಂದ ದಿನವೇ ನನ್ನ ಕರೆಸಿದ. ದೇವರ ಮುಖ ಸವೀಬಾರದು, ಎಲ್ಲಿಡ್ತೀಯ ಅಂದ. ನಾನು ಹಿಂಗೆ ತೋರಿಸಿದೆ." ಏಚಣ್ಣ ಅಂಗೈಯನ್ನು ಬಟ್ಟಲು ಮಾಡಿದ. "ಗುಳಿಯೊಳಗೆ ಇದ್ರೆ ಬೆರಳೂ ಮುಟ್ಟಲ್ಲ, ಗಲ್ಲಾಪೆಟ್ಟಿಗೆಯೂ ಮುಟ್ಟಲ್ಲ. ಉಜ್ಜೋದೆಲ್ಲ ಬೆನ್ನಿಗೆ. ಖುಷಿಯಾದ. ಬೆನ್ನಿಗೆ ಯಾರನ್ನ ಇಡಲಿ ಸ್ವಾಮಿ, ರಾಣಿಯಮ್ಮನ್ನ ಇಡಲಾ ಅಂದೆ. ಬ್ಯಾಡ ಅಂದ."

"ಮತ್ತೆ?"

"ಯಾರಾದ್ರೂ ಆಗಲಿ ಅಂದ."

ಯಾರಾದರೂ ಆಗಲಿ. ಅಷ್ಟೇ. ಶಾಪವಲ್ಲ, ದ್ವೇಷವಲ್ಲ, ನಮ್ಮ ಅಪ್ಪ ಅವನಿಗೆ ಏನೋ ಮಾಡಿದ್ದನೆಂಬ ಹಗೆಯೂ ಅಲ್ಲ. ಎರಡೇ ಮಾತು. ಆ ಎರಡು ಮಾತಿಗೆ ನನ್ನ ಅವ್ವನ ಹುಬ್ಬು, ಕಣ್ಣು, ಮೂಗು, ಕತ್ತೆ ಸೀನಿದರೆ ಬರುತ್ತಿದ್ದ ನಗು. ಸುಣ್ಣದ ಗೂಡಿಗೆ ಕಲ್ಲು ಹಾಕುವಾಗಲಾದರೂ ನಾವು ಒಂದೊಂದು ಕಲ್ಲನ್ನು ತಟ್ಟಿ ನೋಡುತ್ತೇವೆ. ಪ್ರಭಾವಳಿ ಇಟ್ಟುಕೊಂಡವನಿಗೆ ಅಷ್ಟೂ ಬೇಕಾಗಿರಲಿಲ್ಲ.

"ನಿನಗೆ ಎದೆ ನಡುಗಲಿಲ್ಲವಾ ಏಚಣ್ಣ?"

"ನಾನು ಕೈ ಅಷ್ಟೇ ಮಾಳೀ. ತಲೆ ಬೇರೆಯವರದು."

ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅಂಗೈ ಇನ್ನೂ ಬಟ್ಟಲಿನ ಹಾಗೇ ಇತ್ತು. ಅದನ್ನು ಹಿಡಿದು ಬೋರಲು ಮಗುಚಿದೆ. "ಬಟ್ಟಲನ್ನ ಹಿಂಗೆ ತಿರುವಿಬಿಟ್ರೆ? ಒಳಗಿನದು ಹೊರಕ್ಕೆ?"

ಏಚಣ್ಣ ಕೈ ಕಿತ್ತುಕೊಂಡ. "ಮೆತ್ತಗೆ ಮಾತಾಡು" ಎಂದ. ಆಗಲ್ಲ ಎನ್ನಲಿಲ್ಲ.

ಬಿಜ್ಜಜ್ಜಿಗೆ ಹೇಳಿದೆ. ಅವಳು ಎಲೆಅಡಿಕೆ ಉಗುಳಿ, ಕುಟ್ಟಾಣಿಯನ್ನು ಸೆರಗಿನಿಂದ ಒರೆಸಿ, ಅದರ ಬಾಯಿಯ ಮೇಲೆ ಒಂದು ಕಾಸನ್ನು ಉಬ್ಬು ಮೇಲೆ ಮಾಡಿ ಇಟ್ಟಳು. ಕಾಸು ಹೇಳಿ ಮಾಡಿಸಿದಂತೆ ಕೂತಿತು. "ಒಂದೇಟು ಸಾಕು" ಎಂದಳು. ಕುಟ್ಟುವ ಸರಳನ್ನು ನನ್ನ ಕೈಗೆ ಕೊಟ್ಟಳು. ಸರಳು ಎತ್ತಿದೆ. ಏಟು ಬೀಳಬೇಕಾದದ್ದು ಎಲ್ಲಿ ಎಂದು ಆಗ ಹೊಳೆಯಿತು. ನನ್ನ ಕೈ ಮೇಲೆಯೇ ನಿಂತಿತು.

ಪಕ್ಕದಲ್ಲಿ ಕೂತಿದ್ದ ಅವ್ವ, "ಯಾಕೆ, ಆಗಲ್ವಾ? ಕೊಡೇ ಇಲ್ಲಿ" ಎಂದಳು. ತಡವಿ ಸರಳು ತೆಗೆದುಕೊಂಡಳು. ಎಡಗೈಯ ಬೆರಳಿನಿಂದ ಕಾಸಿನ ಉಬ್ಬು ಮುಟ್ಟಿ ಗುರಿ ನೋಡಿಕೊಂಡಳು. ತನ್ನ ಮುಖಕ್ಕೆ ತಾನೇ ಹೊಡೆದಳು. ಟಪ್ ಎಂದಿತು. ಅವಳ ತಲೆ ಯಾರೋ ಕೆನ್ನೆಗೆ ಬಾರಿಸಿದ ಹಾಗೆ ಹಿಂದಕ್ಕೆ ಹೋಗಿ ಗೋಡೆಗೆ ತಾಗಿತು. ಕಾಸು ಒಳಹೊರಗಾಗಿತ್ತು. ಅವ್ವ ಗುಳಿಯೊಳಗೆ ಇಳಿದಿದ್ದಳು. ದೇವರು ತನ್ನ ಜ್ವಾಲೆ ಮೀಸೆ ಸಮೇತ ಉಬ್ಬಿನ ಮೇಲೆ ಬಂದು ನಮ್ಮನ್ನು ಮಿಕಿಮಿಕಿ ನೋಡುತ್ತಿದ್ದ. ಮುಸುಕಿನೊಳಗಿಂದ ಒಂದು ಸದ್ದು ಬಂತು. ಅಳು ಎಂದುಕೊಂಡೆ. ಅಲ್ಲ, ಅವ್ವ ನಗುತ್ತಿದ್ದಳು.

ಒಂದು ಕಾಸು ತಿರುವಿದರೆ ಏನಾದೀತು? ಊರಿನ ಕಾಸೆಲ್ಲ ತಿರುಗಬೇಕು. ಶುಕ್ರವಾರ ಹೆಂಗಸರು ಎಂದಿನಂತೆ ಲಕ್ಷ್ಮಿಯ ಪಾದ ಮುಟ್ಟಲು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಹೂವು, ಬೆರಳಲ್ಲಿ ಆಗತಾನೇ ಕಾಸು ಬೆಳಗಿ ಬಂದ ಹುಣಸೆಹುಳಿಯ ವಾಸನೆ. ಅವ್ವ ಬಾಗಿಲಲ್ಲಿ ನಿಂತು, "ಪಾದ ಆಮೇಲೆ ಮುಟ್ಟೀರಂತೆ. ಮೊದಲು ಮುಖ ನೋಡ್ರವ್ವ. ನೀವೇ ಬೆಳಗಿದ್ದು" ಎಂದು ಬಟ್ಟೆ ಎತ್ತಿದಳು.

ಹೂವು ಕೆಳಗೆ ಬಿತ್ತು. ಯಾರೋ ಕಿರುಚಿದರು. ಒಬ್ಬಳು ಅಲ್ಲೇ ವಾಂತಿ ಮಾಡಿಕೊಂಡಳು. ಉಪ್ಪಿನ ಅಂಗಡಿಯವನ ಹೆಂಡತಿ ನೀಲವ್ವ ಮಾತ್ರ ಕಿರುಚಲಿಲ್ಲ. ಅವಳು ತನ್ನ ಹೆಬ್ಬೆರಳನ್ನು ಕಣ್ಣಿನ ಹತ್ತಿರ ತಂದುಕೊಂಡು, ಹಾವು ಕಂಡವಳ ಹಾಗೆ ಅದನ್ನೇ ನೋಡುತ್ತಾ ನಿಂತಿದ್ದಳು. "ನಾನು ಭಕ್ತಿಯಿಂದ ತಿಕ್ಕಿದೆ ಕಣವ್ವ" ಎಂದಳು. "ನಮ್ಮತ್ತೆ ಹೇಳಿಕೊಟ್ಟ ಹಂಗೇ ತಿಕ್ಕಿದೆ."

"ಗೊತ್ತು ಕಣೇ" ಎಂದಳು ಅವ್ವ. "ಊರಲ್ಲೆಲ್ಲ ನಿನ್ನ ಕೈಯೇ ಜೋರು. ಶುಕ್ರವಾರ ನಿನ್ನ ಬೆರಳು ಬಂದ್ರೆ ನನಗೆ ಗುರುತು ಸಿಗ್ತಿತ್ತು."

ನೀಲವ್ವ ಆಗ ಅತ್ತಳು. ಬಿಜ್ಜಜ್ಜಿ ಅವಳಿಗೆ ಸುಮ್ಮನಿರು ಎನ್ನಲಿಲ್ಲ. "ಅಳು, ಆಮೇಲೆ ಮನೆಗೆ ಹೋಗಿ ಕುಟ್ಟಾಣಿ ತೆಗಿ" ಎಂದಳು. ಏನು ಮಾಡಬೇಕೆಂದು ತೋರಿಸಿದಳು. ಏಟು ಅವ್ವನಿಗೇ ಬೀಳುತ್ತದೆ ಎಂದೂ ಹೇಳಿದಳು. ಹೆಂಗಸರು ಹಿಂದೆ ಸರಿದರು. ಅವ್ವ ಬಟ್ಟೆ ಇಳಿಬಿಟ್ಟುಕೊಂಡು ಹೇಳಿದಳು: "ಇಷ್ಟು ವರ್ಷ ದಿನಾ ಉಜ್ಜಿದ್ದೀರಿ. ಒಂದೇ ಒಂದೇಟು ಹೊಡೀರಿ. ಆಮೇಲೆ ಯಾರೂ ಮುಟ್ಟಲ್ಲವಲ್ಲ. ಎಲ್ಲಾ ಒಂದೇ ದಿನ ಮಾತ್ರ ಹೊಡೀಬ್ಯಾಡ್ರವ್ವ, ಕತ್ತು ಮುರಿದುಹೋದೀತು."

ಹಾಗೆ ಶುರುವಾಯಿತು. ಒಂದು ದಿನಕ್ಕೆ ಒಂದು ಕೇರಿ. ಮಧ್ಯಾಹ್ನ ಊಟವಾದ ಮೇಲೆ ಎಲ್ಲ ಮನೆಯಲ್ಲೂ ಎಲೆಅಡಿಕೆ ಕುಟ್ಟುವ ಹೊತ್ತು. ಆ ಸದ್ದಿನಲ್ಲಿ ಯಾವುದು ಅಡಿಕೆ, ಯಾವುದು ದೇವರು ಎಂದು ಯಾವ ಕಾವಲುಗಾರನೂ ಕಂಡುಹಿಡಿಯಲಾರ. ಯಾರೂ ಹೇಳಿಕೊಡದೆ ಹೆಂಗಸರು ಸರಳಿನ ತುದಿಗೆ ಹಳೆ ಬಟ್ಟೆ ಸುತ್ತಿದರು, ಕೆಲವರು ಉಣ್ಣೆ ಸುತ್ತಿದರು. ಅವ್ವ ಗೋಡೆಗೆ ಒರಗಿ ತಲೆಗೆ ದಿಂಬು ಕೊಟ್ಟುಕೊಂಡು ಕೂರುವಳು. ತಲೆ ಒಂದೇ ಸಮನೆ ಅದುರುವುದು. "ಇವತ್ತು ಕುಂಬಾರಗೇರಿ. ಮೆತ್ತಗೆ ಹೊಡೀತಾರೆ, ಪಾಪ, ಮಡಕೆ ತಟ್ಟಿದ ಕೈ" ಎನ್ನುವಳು. ಮಾರನೇ ದಿನ, "ಅಯ್ಯಯ್ಯೋ, ಇದು ಕಮ್ಮಾರಗೇರಿ ಕಣೇ!"

ತಿರುವಿದ ಕಾಸು ಕಂದಾಯವಾಗಿ ಅರಮನೆಗೂ ಹೋಯಿತು. ಜಕ್ಕ ತಮಟೆ ತಂದ. "ಬೋರಲು ಕಾಸು ಮಾಡಿದೋರ ಹೆಬ್ಬೆರಳು ಕಡೀತಾರಪ್ಪೋ!" ಮಾಡಿದವರು ಯಾರು ಎಂದು ಹೇಗೆ ಹೇಳುವುದು? ಕಾಸಿಗೆ ಬಾಯಿಲ್ಲ. ಊರಿಗೆಲ್ಲ ಹೆದರಿಕೆ ಹುಟ್ಟಿಸಲು ಒಬ್ಬರಾದರೂ ಬೇಕಲ್ಲ. ಯಾರಾದರೂ ಆಗಲಿ ಎಂದುಕೊಂಡಿರಬೇಕು. ಜಗುಲಿಯ ಮೇಲೆ ಕುಟ್ಟುತ್ತಾ ಕೂತಿದ್ದ ಬಿಜ್ಜಜ್ಜಿಯನ್ನು ಹಿಡಿದರು. ಆಗ ಅವಳ ಕುಟ್ಟಾಣಿಯಲ್ಲಿ ಇದ್ದದ್ದು ನಿಜಕ್ಕೂ ಅಡಿಕೆ. ಬೀದಿಯ ನಡುವೆ, ನಾನೇ ಬಿಳಿ ಬಳಿದ ದೇವರ ಮೂರ್ತಿಯ ಎದುರು, ಅವಳ ಬಲಗೈ ಹೆಬ್ಬೆರಳು ಕಡಿದರು. ಆ ಮುದುಕಿಯ ಬೆರಳು ಧೂಳಿನಲ್ಲಿ ಬಿದ್ದದ್ದನ್ನು ಊರೆಲ್ಲ ನೋಡಿತು. ಸಂಜೆ ಅವಳ ಮನೆಗೆ ಹೋದರೆ ಗಾಯಕ್ಕೆ ಅರಿಶಿನ ಕಟ್ಟಿಕೊಂಡು ಕುಟ್ಟಾಣಿ ಮುಂದೆ ಕೂತಿದ್ದಳು. "ಎಡಗೈ ಐತಲ್ಲ" ಎಂದಳು. ಮಾರನೇ ಮಧ್ಯಾಹ್ನ ಒಂದು ಕೇರಿಯಲ್ಲ, ಮೂರು ಕೇರಿ ಕುಟ್ಟಿದವು. ಅವ್ವ ತಡೆದುಕೊಂಡಳು.

ಕಾಸು ತಿರುಗಿತು. ಶುಕ್ರವಾರದ ಪೂಜೆಯನ್ನು ನಾವು ಬಿಡಲಿಲ್ಲ. ಯಾಕೆ ಬಿಡಬೇಕು? ಈಗ ಉಬ್ಬಿನ ಮೇಲೆ ಸಾಕ್ಷಾತ್ ದೇವರೇ ಕೂತಿದ್ದಾನೆ. ಹುಣಸೆಹುಳಿ ಸಾಲದು ಎಂದು ಇಟ್ಟಿಗೆಯ ಪುಡಿ ಸೇರಿಸಿದೆವು. ನೀಲವ್ವ ಮರಳು ಸೇರಿಸಿದಳು. ದೇವರನ್ನು ತಿಕ್ಕಬೇಡಿ ಎಂದು ಡಂಗುರ ಹೊಡೆಸಲು ಅರಮನೆಗೆ ಬಾಯಿ ಬರಲಿಲ್ಲ, ಹೊಡೆಸಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಕಾವಲುಗಾರ ಬಂದು, "ಏನ್ರವ್ವ ಇಷ್ಟು ಜೋರಾಗಿ?" ಎಂದರೆ ನೀಲವ್ವ ತಲೆ ಎತ್ತದೆ, "ಭಕ್ತಿ ಕಣಣ್ಣ" ಎನ್ನುವಳು. ಮೀಸೆ ಮೊದಲು ಹೋಯಿತು. 

ವರ್ಷಕ್ಕೊಮ್ಮೆ ದೇವರು ಅರಮನೆಯ ಉಪ್ಪರಿಗೆಯಲ್ಲಿ ನಿಂತು ಊರಿಗೆ ದರ್ಶನ ಕೊಡುವುದು ರೂಢಿ. ಬೆನ್ನ ಹಿಂದೆ ಚಿನ್ನದ ತಗಡಿನ ಚಕ್ರ, ಬೆಳಗಿನ ಬಿಸಿಲು ಸರಿಯಾಗಿ ಅದರ ಮೇಲೆ ಬೀಳುವ ಹೊತ್ತು ನೋಡಿಯೇ ಪರದೆ ಎಳೆಯುತ್ತಿದ್ದರು. ಕೆಳಗೆ ನಿಂತವರಿಗೆ ಕಣ್ಣು ಕೋರೈಸಿ, ಅವನು ಮಿಟುಕಿಸಿದನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆ ವರ್ಷ ದರ್ಶನ ಮುಂದಕ್ಕೆ ಹೋಯಿತು. ಮತ್ತೂ ಮುಂದಕ್ಕೆ ಹೋಯಿತು. ದೇವರಿಗೆ ಜ್ವರವೇ ಎಂದು ಜನ ಗುಸುಗುಸು ಮಾತಾಡತೊಡಗಿದ ಮೇಲೆ ಕಡೆಗೆ ದಿನ ಗೊತ್ತುಮಾಡಿದರು.

ನಾನು ಅವ್ವನ ಕೈ ಹಿಡಿದುಕೊಂಡು ಹೋದೆ. ಸೊಂಟದಲ್ಲಿ ಗಂಜಿಯ ಬುರುಡೆಯಿತ್ತು. ಊರಿಗೆ ಊರೇ ಅಂಗಳದಲ್ಲಿ ತುಂಬಿತ್ತು. ಬಿಸಿಲು ಚಕ್ರದ ಮೇಲೆ ಬಿತ್ತು. ಪರದೆ ಸರಿಯಿತು.

ಉಪ್ಪರಿಗೆಯ ಮೇಲೆ ದೇವರು ನಿಂತಿದ್ದ. ಕಿರೀಟದಿಂದ ಎದೆಯವರೆಗೆ ಒಂದು ಬಿಳಿ ಬಟ್ಟೆ ಇಳಿಬಿದ್ದಿತ್ತು.

ಅಷ್ಟು ಜನ ಸೇರಿದ್ದ ಕಡೆ ಒಂದು ಕೆಮ್ಮೂ ಕೇಳಿಸಲಿಲ್ಲ. ಇಷ್ಟು ದಿನ ಕುಟ್ಟಿ, ತಿಕ್ಕಿ, ಬೆರಳು ಕೊಟ್ಟು ಇದನ್ನೇ ಮಾಡುತ್ತಿದ್ದವರು ನಾವು. ಆದರೂ ಕಣ್ಣಾರೆ ಕಂಡಾಗ ಒಬ್ಬರನ್ನೊಬ್ಬರು ಹಿಡಿದುಕೊಂಡೆವು. ದೇವರೂ ಸವೆಯುತ್ತಾನೆ ಎಂದರೆ, ಹಾಗಾದರೆ ಇಷ್ಟು ವರ್ಷ? ನಮ್ಮ ಅಜ್ಜ ಮುತ್ತಜ್ಜಂದಿರು ಬಗ್ಗಿದ್ದು ಯಾವುದಕ್ಕೆ? ಜಕ್ಕ ತಮಟೆ ಎತ್ತಿ, "ದೇವರ ತೇಜಸ್ಸು ಹೆಚ್ಚಾಗೈತೆ! ನಿಮ್ಮ ಕಣ್ಣು ತಡೆಯಲ್ಲ ಅಂತ ಕರುಣೆಯಿಂದ..." ಎಂದು ಕೂಗತೊಡಗಿ ನಡುವೆಯೇ ನಿಲ್ಲಿಸಿದ.

"ಯಾಕೇ ಎಲ್ಲಾ ಸುಮ್ಗಾದ್ರು?" ಎಂದಳು ಅವ್ವ.

"ಅವ್ವಾ, ಅವನು ಮುಸುಕು ಹಾಕ್ಕಂಡವನೆ."

"ಯಾರು, ದೊರೆಯಾ?"

ಎಷ್ಟೋ ವರ್ಷದ ಮೇಲೆ ಆ ಮಾತು ಬಹಿರಂಗವಾಗಿ ಕೇಳಿಸಿತ್ತು. ಸುತ್ತಲಿನವರು ಬೆಚ್ಚಿ ತಿರುಗಿದರು. ದಂಡ ಕೇಳಲು ಯಾರೂ ಬರಲಿಲ್ಲ.

"ಹೂಂ, ದೊರೆಯೇ."

"ಬಿಳೀ ಬಟ್ಟೆಯಾ?"

"ಬಿಳೀದೇ. ನಿನ್ನ ಹಂಗೇ."

ಅವ್ವನ ಕೈ ತನ್ನ ಮುಸುಕಿನ ಅಂಚಿಗೆ ಹೋಯಿತು. "ಇಬ್ಬರೂ ಹಿಂಗೇ ನಿಂತ್ರೆ ಯಾವನು ದೊರೆ, ಯಾವಳು ಸುಣ್ಣದೋಳು ಅಂತ ಜನಕ್ಕೆ ಗೊತ್ತಾಗಲ್ಲ ಕಣೇ" ಎಂದಳು. ಎರಡೂ ಕೈ ಎತ್ತಿ ಮುಸುಕನ್ನು ತಲೆಯಿಂದ ತೆಗೆದಳು. ಎತ್ತಿ ಇಳಿಬಿಡಲಿಲ್ಲ, ಪೂರಾ ತೆಗೆದಳು. ಮಡಿಸಿ ನನ್ನ ಕೈಗೆ ಕೊಟ್ಟಳು.

ಆ ನುಣುಪು ಮುಖದ ಮೇಲೆ ಬಿಸಿಲು ಬಿತ್ತು. ನಮ್ಮ ಸುತ್ತ ಇದ್ದವರು ಮೊದಲು ತಿರುಗಿದರು. ಅವರು ತಿರುಗಿದ್ದು ನೋಡಿ ಅವರ ಮುಂದಿನವರು, ಆಮೇಲೆ ಅವರ ಮುಂದಿನವರು. ಹೆಂಗಸರು ಆ ಮುಖವನ್ನು ಬಲ್ಲರು. ಗಂಡಸರು ಅಂದೇ ಮೊದಲು ನೋಡಿದ್ದು. ಅವರು ಸಂಚಿಯಿಂದ ಕಾಸು ತೆಗೆದು ಗುಳಿಯೊಳಗೆ ಒಮ್ಮೆ, ಅವ್ವನನ್ನೊಮ್ಮೆ ನೋಡುತ್ತಾ ನಿಂತರು. ಯಾರೂ ಅಡ್ಡಬೀಳಲಿಲ್ಲ. ಹೆಬ್ಬೆರಳಿಲ್ಲದ ಕೈಯಲ್ಲಿ ಬಿಜ್ಜಜ್ಜಿ ಅವ್ವನ ಭುಜ ಹಿಡಿದು ನಿಂತಿದ್ದಳು. ಉಪ್ಪರಿಗೆಯ ಮೇಲಿದ್ದವನಿಗೆ ಕಣ್ಣು ಉಳಿದಿತ್ತೋ ಇಲ್ಲವೋ ನನಗೆ ತಿಳಿಯದು. ಉಳಿದಿದ್ದರೆ ಅವನಿಗೆ ಕಂಡದ್ದು ಊರಿನ ಬೆನ್ನು.

"ಬಿಸಿಲು ಜೋರೈತೆ. ಗಂಜಿ ತಂದಿದ್ದೀಯೇನೇ?" ಎಂದಳು ಅವ್ವ.

ಬುರುಡೆ ಬಿಚ್ಚಿದೆ. ಅಷ್ಟು ಜನರ ಎದುರಿಗೆ ಅದರ ತುದಿಯನ್ನು ಆ ಗೀರಿಗೆ ಇಟ್ಟೆ, ಚೆಲ್ಲೀತೆಂದು ಇನ್ನೊಂದು ಕೈ ಗಲ್ಲದ ಕೆಳಗೆ ಹಿಡಿದೆ. ಅವ್ವ ತಾನೇ ಹನಿ ಹನಿಯಾಗಿ ಹೀರಿಕೊಂಡಳು, ಒಂದು ಹನಿಯೂ ನನ್ನ ಕೈಗೆ ಬೀಳಲಿಲ್ಲ. ಅವ್ವನ ಗಂಟಲು ಏರಿ ಇಳಿಯಿತು. ಬಾಯಿ ಮುಚ್ಚಿರಲಿಲ್ಲ.